ಗುಲ್ಮಾರ್ಗ್‌ಗೆ ಟಿಕೆಟ್ ಬುಕ್ ಮಾಡೋ ಮುಂಚೆ ಮೋಡ ನೋಡಿ

ಜನವರಿ ಬಂತು ಅಂದ್ರೆ ಸಾಕು, ಆಫೀಸಿನ ವಾಟ್ಸ್‌ಆಪ್ ಗ್ರೂಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಓಡಾಡತೊಡಗುತ್ತದೆ. ಗುಲ್ಮಾರ್ಗ್, ಮೈನಸ್ ನಾಲ್ಕು ಡಿಗ್ರಿ, ಪಕ್ಕದಲ್ಲಿ ಮುದ್ದಾದೊಂದು ಹಿಮದ ಹರಳಿನ ಚಿತ್ರ. ಕೆಳಗೊಂದು ಪ್ರಶ್ನೆ: "ಸ್ನೋ ಇದೆ ಅಲ್ವಾ? ಬುಕ್ ಮಾಡೋಣ್ವಾ?"

ಆ ಚಿತ್ರ ನಿಜಕ್ಕೂ ಏನನ್ನೂ ಹೇಳಿರುವುದಿಲ್ಲ. ಎಷ್ಟು ಎತ್ತರದಲ್ಲಿ ಹಿಮ, ಎಷ್ಟು ಸೆಂಟಿಮೀಟರ್, ಬಿದ್ದದ್ದು ನಿಲ್ಲುತ್ತದಾ, ಗಾಳಿ ಹೊತ್ತುಕೊಂಡು ಹೋಗುತ್ತದಾ, ಗೊಂಡೊಲಾ ಓಡುತ್ತದಾ, ಯಾವುದೂ ಇಲ್ಲ. ಬೆಂಗಳೂರಿನಲ್ಲಿ ಆಪ್ ಮಳೆ ಅಂದ ದಿನ ಜಯನಗರದಲ್ಲಿ ಸುರಿದು ಯಲಹಂಕದಲ್ಲಿ ಬಿಸಿಲು ಕಾಯುವುದನ್ನು ದಿನಾ ನೋಡುವವರು ನಾವು. ಇಲ್ಲಿ ಊರು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದೆ. ಅಲ್ಲಿ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಹವಾಮಾನಗಳು ಅಟ್ಟದ ಮೇಲೆ ಅಟ್ಟ ಇಟ್ಟ ಹಾಗೆ ಕೂತಿವೆ.

ಗುಲ್ಮಾರ್ಗ್‌ನ ಬಟ್ಟಲಿನಂಥ ಹುಲ್ಲುಗಾವಲು ಇರೋದು ಸುಮಾರು 2,650 ಮೀಟರ್ ಎತ್ತರದಲ್ಲಿ. ಹೊಸದಾಗಿ ಸ್ಕೀ ಕಲಿಯುವವರು ಬೀಳುವುದು, ಏಳುವುದು, ಮತ್ತೆ ಬೀಳುವುದು ಎಲ್ಲ ಇಲ್ಲೇ. ಗೊಂಡೊಲಾದ ಮೊದಲ ಹಂತ ನಿಮ್ಮನ್ನು ಕೊಂಗ್‌ಡೂರಿಗೆ ಒಯ್ಯುತ್ತದೆ. ಅದು ಸುಮಾರು 3,100 ಮೀಟರ್. ಎರಡನೇ ಹಂತ ಅಫರ್ವತ್ ಬೆಟ್ಟದ ಹೆಗಲಿನವರೆಗೆ, ಸುಮಾರು 3,950 ಮೀಟರ್. ಪೌಡರ್ ಹಿಮ ಅಂತ ಜಗತ್ತಿನ ಸ್ಕೀಯರ್‌ಗಳು ಹುಡುಕಿಕೊಂಡು ಬರುವುದು ಈ ಮೇಲಿನ ಅಟ್ಟಕ್ಕೆ.

ಕೆಳಗಿನಿಂದ ಮೇಲಕ್ಕೆ 1,300 ಮೀಟರ್ ವ್ಯತ್ಯಾಸ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಉಷ್ಣಾಂಶ ಇಳಿಯುತ್ತದೆ ಅನ್ನೋದು ಸ್ಥೂಲ ಲೆಕ್ಕ. ಅಂದರೆ ಕೆಳಗೆ ಹೋಟೆಲಿನ ಮುಂದೆ ಪ್ಲಸ್ 2 ಇದ್ದಾಗ ಅಫರ್ವತ್ ಮೇಲೆ ಮೈನಸ್ 6. ಕೆಳಗೆ ಒದ್ದೆ ಗಂಜಿಯಂಥ ಹಿಮ, ಮೇಲೆ ಒಣ ಹಿಟ್ಟಿನಂಥ ಹಿಮ. ನಿಮ್ಮ ಆಪ್ ಯಾವ ಅಟ್ಟದ ಬಗ್ಗೆ ಮಾತಾಡ್ತಿದೆ ಅನ್ನೋದೇ ಮೊದಲ ಪ್ರಶ್ನೆ. ಹಲವು ಆಪ್‌ಗಳಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ. ಹಾಗಾಗಿ ಸ್ಕೀ ತಾಣಗಳಿಗೆಂದೇ ಇರುವ, ಬುಡ, ನಡು, ತುದಿ ಅಂತ ಮೂರು ಎತ್ತರಕ್ಕೆ ಬೇರೆ ಬೇರೆ ಮುನ್ಸೂಚನೆ ಕೊಡುವ ತಾಣಗಳನ್ನು ನೋಡುವುದು ವಾಸಿ.

ಮಾಡೆಲ್‌ಗಳ ಮಿತಿಯೊಂದನ್ನೂ ಇಲ್ಲೇ ಹೇಳಿಬಿಡ್ತೀನಿ. ಇಡೀ ಭೂಮಿಯ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗಳು ನೆಲವನ್ನು ಚೌಕಗಳಾಗಿ ಕತ್ತರಿಸುತ್ತವೆ. ಯುರೋಪಿನ ಇಸಿಎಂಡಬ್ಲ್ಯುಎಫ್ ಮಾಡೆಲ್‌ನ ಚೌಕ ಸುಮಾರು 9 ಕಿಲೋಮೀಟರ್, ಅಮೆರಿಕದ ಜಿಎಫ್‌ಎಸ್‌ನದು ಸುಮಾರು 13. ಒಂದು ಚೌಕಕ್ಕೆ ಒಂದೇ ಎತ್ತರ. ಅಂದರೆ ಅಫರ್ವತ್, ಗುಲ್ಮಾರ್ಗ್, ಅದರ ಕೆಳಗಿನ ಕಣಿವೆ ಎಲ್ಲ ಸೇರಿ ಒಂದು ಬೋಳು ದಿಬ್ಬ ಆಗಿಬಿಡಬಹುದು. ಬೆಟ್ಟದ ತುದಿ ಸವೆದು, ಕಣಿವೆ ತುಂಬಿಕೊಂಡ ಕಾಶ್ಮೀರ ಅದು. ಆ ದಿಬ್ಬದ ಮೇಲಿನ ಲೆಕ್ಕವನ್ನು ನಿಜವಾದ ಬೆಟ್ಟಕ್ಕೆ ಹೊಂದಿಸಿಕೊಳ್ಳೋ ಕೆಲಸ ನಿಮ್ಮದು.

ಮೆಡಿಟರೇನಿಯನ್‌ನಿಂದ ಹೊರಟ ಹಿಮ

ನಮಗೆ ಮೋಡ ಅಂದ್ರೆ ಅರಬ್ಬಿ ಸಮುದ್ರ, ಮುಂಗಾರು. ಕಾಶ್ಮೀರದ ಚಳಿಗಾಲದ ಹಿಮ ಬರೋದು ಇನ್ನೊಂದೇ ದಾರಿಯಲ್ಲಿ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ ಕಡಿಮೆ ಒತ್ತಡದ ಸುಳಿಗಳು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಪೂರ್ವಕ್ಕೆ ತೇಲಿ ಬರುತ್ತವೆ. ಹವಾಮಾನ ಇಲಾಖೆ ಇದಕ್ಕೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತದೆ. ಈ ಸುಳಿ ಪೀರ್ ಪಂಜಾಲ್ ಶ್ರೇಣಿಗೆ ಬಂದು ತಗುಲಿದಾಗ ತೇವದ ಗಾಳಿ ಮೇಲೇರುತ್ತದೆ, ತಣಿಯುತ್ತದೆ, ಹಿಮವಾಗಿ ಇಳಿಯುತ್ತದೆ. ಗುಲ್ಮಾರ್ಗ್ ಕೂತಿರುವುದು ಇದೇ ಶ್ರೇಣಿಯ ಮಡಿಲಲ್ಲಿ. ಘಟ್ಟಕ್ಕೆ ಮೋಡ ತಾಗಿ ಆಗುಂಬೆಯಲ್ಲಿ ಸುರಿಯುವುದನ್ನು ನೋಡಿದವರಿಗೆ ಇದು ಹೊಸ ಪಾಠವೇನಲ್ಲ.

ಹೀಗಾಗಿ ಹಿಮ ಅಲ್ಲಿ ದಿನಾ ಉದುರುವ ವಸ್ತುವಲ್ಲ. ಸುಳಿ ಬಂದಾಗ ಒಂದೆರಡು ದಿನ ಭರ್ತಿ, ಆಮೇಲೆ ವಾರಗಟ್ಟಲೆ ಬಿಸಿಲು. ಕಾಶ್ಮೀರಿಗಳು ಈ ಚಳಿಗಾಲಕ್ಕೆ ತಮ್ಮದೇ ಪಂಚಾಂಗ ಇಟ್ಟುಕೊಂಡಿದ್ದಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲಾಯ್ ಕಲಾನ್, ದೊಡ್ಡ ಚಳಿ. ನಂತರ 20 ದಿನ ಚಿಲ್ಲಾಯ್ ಖುರ್ದ್, ಸಣ್ಣ ಚಳಿ. ಕೊನೆಗೆ 10 ದಿನ ಚಿಲ್ಲಾಯ್ ಬಚ್ಚಾ, ಮರಿ ಚಳಿ. ನಮ್ಮಜ್ಜಂದಿರು ಆರಿದ್ರಾ, ಪುನರ್ವಸು ಅಂತ ಮಳೆ ಲೆಕ್ಕ ಇಟ್ಟ ಹಾಗೆ. ಆರಿದ್ರಾ ಕೈಕೊಟ್ಟ ವರ್ಷ ನಮ್ಮಲ್ಲಿ ಏನಾಗುತ್ತೋ, ಚಿಲ್ಲಾಯ್ ಕಲಾನ್ ಒಣಗಿದ ವರ್ಷ ಅಲ್ಲೂ ಅದೇ ಕಥೆ.

2024ರ ಜನವರಿಯಲ್ಲಿ ಆದದ್ದು ಅದೇ. ದೊಡ್ಡ ಚಳಿಯ ನಡುಮಧ್ಯದಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಕಂದು ಬಣ್ಣದಲ್ಲಿದ್ದವು. ಹಿಮ ಸರಿಯಾಗಿ ಬಂದದ್ದು ತಿಂಗಳ ಕೊನೆಗೆ. ಫೆಬ್ರವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯುವ ಹೊತ್ತಿಗೆ ಬೆಟ್ಟ ಬೆಳ್ಳಗಾಗಿತ್ತು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಆ ಕೂಟದ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದರು. ಕಾಫಿ ತೋಟದ ನಾಡಿನ ಹುಡುಗಿ ಹಿಮದ ಮೇಲೆ ಚಿನ್ನ ಗೆದ್ದ ಸುದ್ದಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು ಅಂತ ನನ್ನ ಅಭಿಪ್ರಾಯ, ಇರಲಿ. ಮರುವರ್ಷ, 2025ರಲ್ಲಿ, ಅದೇ ಕೂಟದ ಗುಲ್ಮಾರ್ಗ್ ಪಂದ್ಯಗಳು ಫೆಬ್ರವರಿ 22ಕ್ಕೆ ಶುರುವಾಗಬೇಕಿತ್ತು. ಹಿಮ ಸಾಲದೆ ಮುಂದೂಡಿ ಮಾರ್ಚ್ 9ರಿಂದ ನಡೆಸಿದರು. ಸರ್ಕಾರವೇ ದಿನಾಂಕ ಬದಲಿಸಬೇಕಾಗಿ ಬಂತು ಅಂದಮೇಲೆ ಮೂರು ತಿಂಗಳ ಮುಂಚೆ ನಾನ್-ರಿಫಂಡಬಲ್ ಟಿಕೆಟ್ ಮಾಡಿಸುವ ನಮ್ಮ ಧೈರ್ಯಕ್ಕೆ ಏನನ್ನಬೇಕು?

ಮಿಲಿಮೀಟರ್ ಓದೋದು ಕಲೀರಿ

ನಾನು ನೋಡುವ ಕ್ರಮ ಹೇಳ್ತೀನಿ. ಹತ್ತು ದಿನ ಮುಂಚೆ ಸುಮ್ಮನೆ ಒಂದು ಕಣ್ಣು. ಸುಳಿ ಬರೋ ಲಕ್ಷಣ ಇದೆಯಾ ಅಷ್ಟೇ. ಆ ಹಂತದಲ್ಲಿ ಸೆಂಟಿಮೀಟರ್ ನಂಬೋದು ಜಾತಕ ನಂಬಿದ ಹಾಗೆ. ಐದು ದಿನ ಇದ್ದಾಗ ಇಸಿಎಂಡಬ್ಲ್ಯುಎಫ್, ಜಿಎಫ್‌ಎಸ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡ್ತೀನಿ. ವಿಂಡಿ ಥರದ ಆಪ್‌ಗಳಲ್ಲಿ ಒಂದೇ ಪರದೆಯಲ್ಲಿ ಬದಲಾಯಿಸಿ ನೋಡಬಹುದು. ಇವತ್ತು, ನಾಳೆ, ನಾಡಿದ್ದು, ಮೂರೂ ದಿನ ಎರಡೂ ಮಾಡೆಲ್ ಒಂದೇ ಮಾತು ಹೇಳ್ತಿದ್ರೆ ನಂಬಿಕೆ ಬರುತ್ತೆ. ಒಂದು 40 ಸೆಂಟಿಮೀಟರ್, ಇನ್ನೊಂದು 5 ಅಂದ್ರೆ ಇಬ್ಬರಿಗೂ ಗೊತ್ತಿಲ್ಲ ಅಂತಲೇ ಅರ್ಥ.

ಮುನ್ಸೂಚನೆಯಲ್ಲಿ ಮಳೆಯ ಲೆಕ್ಕ ಮಿಲಿಮೀಟರ್‌ನಲ್ಲಿ ಇರುತ್ತದಲ್ಲ, ಅದು ನೀರಿನ ಲೆಕ್ಕ. ಒಂದು ಮಿಲಿಮೀಟರ್ ನೀರಿಗೆ ಒಂದು ಸೆಂಟಿಮೀಟರ್ ಹಿಮ ಅನ್ನೋದು ಹಳೆಯ ಸುಲಭ ಸೂತ್ರ. ತುಂಬ ಚಳಿಯಿದ್ದು ಹಿಮ ಒಣಗಿದ್ದರೆ ಅದೇ ಒಂದು ಮಿಲಿಮೀಟರ್ ಒಂದೂವರೆ, ಎರಡು ಸೆಂಟಿಮೀಟರ್ ಆಗಿ ಉಬ್ಬುತ್ತದೆ. ಸೊನ್ನೆಯ ಹತ್ತಿರ ಇದ್ದರೆ ಅರ್ಧಕ್ಕೆ ಇಳಿಯಬಹುದು. 20 ಮಿಲಿಮೀಟರ್ ಮುನ್ಸೂಚನೆ ಇದ್ದರೆ ಅಫರ್ವತ್ ಮೇಲೆ ಒಂದು ಅಡಿ ಮೃದು ಹಿಮ, ಕೆಳಗೆ ಅಂಗೈ ಅಗಲದಷ್ಟು ಒದ್ದೆ ಮುದ್ದೆ. ಎರಡೂ ಒಂದೇ ಮೋಡದ್ದು.

ಇದರ ಜೊತೆ ನೋಡಬೇಕಾದ್ದು ಫ್ರೀಜಿಂಗ್ ಲೆವೆಲ್, ಅಂದರೆ ಗಾಳಿಯ ಉಷ್ಣಾಂಶ ಸೊನ್ನೆಗೆ ಇಳಿಯುವ ಎತ್ತರ. ಬೀಳುವ ಹಿಮ ಆ ಗೆರೆ ದಾಟಿದ ಕೂಡಲೇ ಕರಗಿಬಿಡುವುದಿಲ್ಲ. ಸುಮಾರು 300 ಮೀಟರ್ ಕೆಳಗಿನವರೆಗೂ ಹಿಮವಾಗಿಯೇ ಬರುತ್ತದೆ. ಫ್ರೀಜಿಂಗ್ ಲೆವೆಲ್ 2,900 ಮೀಟರ್ ಅಂತ ತೋರಿಸಿದರೆ ಗುಲ್ಮಾರ್ಗ್ ಗಡಿಯ ಮೇಲೆ ನಿಂತಿದೆ ಅಂತ ಲೆಕ್ಕ. ಒಂದು ಗಂಟೆ ಹಿಮ, ಇನ್ನೊಂದು ಗಂಟೆ ಮಳೆ. ಕೆಳಗಿನ ತಂಗ್‌ಮಾರ್ಗ್‌ನಲ್ಲಿ ಬರೀ ಮಳೆ. 2,000ಕ್ಕೆ ಇಳಿದರೆ ಮಾತ್ರ ಧಾರಾಳವಾಗಿ ಖುಷಿಪಡಿ.

ಭಾರತೀಯ ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರದ ಬುಲೆಟಿನ್ ಅನ್ನು ನಮ್ಮ ಹುಡುಗರು ಸಾಮಾನ್ಯವಾಗಿ ನೋಡೋದೇ ಇಲ್ಲ. ಆಪ್‌ಗಳಷ್ಟು ಚಂದ ಇಲ್ಲ, ನಿಜ. ಆದರೆ ಅಲ್ಲಿನ ಪದಗಳಿಗೆ ಖಚಿತ ಅರ್ಥ ಇದೆ. 'ಐಸೊಲೇಟೆಡ್ ಪ್ಲೇಸಸ್' ಅಂದರೆ ಆ ಪ್ರದೇಶದ ಕಾಲು ಭಾಗ ಕೇಂದ್ರಗಳಲ್ಲೋ ಅದಕ್ಕಿಂತ ಕಡಿಮೆ ಕಡೆಯೋ ಹಿಮ ಅಥವಾ ಮಳೆ. 'ಸ್ಕ್ಯಾಟರ್ಡ್' ಅಂದರೆ ಅರ್ಧದವರೆಗೆ. 'ಫೇರ್ಲಿ ವೈಡ್‌ಸ್ಪ್ರೆಡ್' ಅಂದರೆ ಮುಕ್ಕಾಲರವರೆಗೆ. ಬರೀ 'ವೈಡ್‌ಸ್ಪ್ರೆಡ್' ಅಂದರೆ ಹೆಚ್ಚುಕಮ್ಮಿ ಎಲ್ಲ ಕಡೆ. 'ಲೈಟ್ ಸ್ನೋ ಅಟ್ ಐಸೊಲೇಟೆಡ್ ಪ್ಲೇಸಸ್' ಅಂತ ಓದಿ ಸ್ಕೀ ಬಾಡಿಗೆಗೆ ಅಡ್ವಾನ್ಸ್ ಕೊಡಬೇಡಿ. ಅದು ಫೋಟೋಗೆ ಸಾಕಾಗುವಷ್ಟು ಹಿಮ, ಅದೂ ಅದೃಷ್ಟ ಇದ್ದರೆ.

ಗಾಳಿಯ ವಿಷಯಕ್ಕೆ ಬಂದರೆ, ವಿಂಡಿಯಲ್ಲಿ ಎತ್ತರ ಬದಲಾಯಿಸೋ ಒಂದು ಪಟ್ಟಿ ಇದೆ. ಹೆಚ್ಚಿನವರು ಅದನ್ನು ಮುಟ್ಟೋದೇ ಇಲ್ಲ. 700 ಹೆಕ್ಟೋಪ್ಯಾಸ್ಕಲ್ ಅಂದರೆ ಸುಮಾರು 3,000 ಮೀಟರ್, ಕೊಂಗ್‌ಡೂರಿಯ ಗಾಳಿ. 600 ಅಂದರೆ ಸುಮಾರು 4,200 ಮೀಟರ್, ಅಫರ್ವತ್ ನೆತ್ತಿಯ ಗಾಳಿ. ನೆಲಮಟ್ಟದ ಗಾಳಿ ತಣ್ಣಗೆ ಮಲಗಿದ್ದರೂ 600ರ ಪದರದಲ್ಲಿ ಬಾಣಗಳು ಕೆಂಪಗೆ ಓಡುತ್ತಿದ್ದರೆ ಗೊಂಡೊಲಾದ ಎರಡನೇ ಹಂತ ಮುಚ್ಚಿರುವ ಸಾಧ್ಯತೆ ಜಾಸ್ತಿ. ಆಕಾಶ ನೀಲಿ, ಬಿಸಿಲು ಚಿನ್ನ, ಕೈಯಲ್ಲಿ ಟಿಕೆಟ್, ಕ್ಯಾಬಿನ್ ಮಾತ್ರ ನಿಂತಿದೆ. ಕೌಂಟರ್ ಮುಂದೆ ಜಗಳ ಆಡುವವರಲ್ಲಿ ಅರ್ಧ ಜನ ಮೇಲೆ ನೋಡಿರುವುದೇ ಇಲ್ಲ. ಬೆಟ್ಟದ ಅಂಚಿನಿಂದ ಬಿಳಿ ಹೊಗೆಯಂತೆ ಹಿಮ ಹಾರುತ್ತಿರುತ್ತದೆ.

ಬಿಸಿಲಿನ ಆ ಬೆಳಗ್ಗೆ

ನಾವು ನಾಲ್ವರು ಹೋಗಿದ್ದು ಒಂದು ಫೆಬ್ರವರಿಯಲ್ಲಿ. ರಜೆಗೆ ಎರಡು ವಾರಗಳನ್ನು ಮ್ಯಾನೇಜರ್ ಹತ್ತಿರ ಮೊದಲೇ ಹೇಳಿಟ್ಟು, ಸುಳಿ ಯಾವ ವಾರ ಬರುತ್ತೆ ಅಂತ ಐದು ದಿನ ಮುಂಚೆ ನೋಡಿಕೊಂಡು ಹೊರಟವರು. ಲೆಕ್ಕ ಸರಿ ಬಂತು. ತಲುಪಿದ ರಾತ್ರಿಯೇ ಶುರುವಾದ ಹಿಮ ಒಂದೂವರೆ ದಿನ ಬಿಡಲಿಲ್ಲ. ಗೊಂಡೊಲಾ ಬಂದ್, ಕರೆಂಟ್ ಬಂದು ಹೋಗಿ ಮಾಡ್ತಿತ್ತು, ನಾವು ಹೋಟೆಲಿನ ಬುಖಾರಿಯ ಮುಂದೆ ಕೂತು ಕಹ್ವಾ ಕುಡೀತಾ ಇಸ್ಪೀಟು ಆಡಿದೆವು. ಮೂರನೇ ದಿನ ಬೆಳಗ್ಗೆ ಪರದೆ ಸರಿಸಿದರೆ ಒಂದು ಮೋಡ ಇಲ್ಲ. ದೇವದಾರು ಮರಗಳ ಮೇಲೆಲ್ಲ ಹಿಮ, ಹಿಂದೆ ಅಫರ್ವತ್ ಹೊಳೀತಿದೆ. ಇಂಥ ಬೆಳಗ್ಗೆಗೇ ಅಲ್ಲವಾ ಜನ ದುಡ್ಡು ಕೂಡಿಡೋದು.

ನಮ್ಮಲ್ಲಿ ಒಬ್ಬ ಯುರೋಪಿನಲ್ಲಿ ಎರಡು ವರ್ಷ ಕೆಲಸ ಮಾಡಿದವನು, ಚೆನ್ನಾಗಿ ಸ್ಕೀ ಮಾಡ್ತಾನೆ. ಅವನಿಗೆ ಮೇಲಿನ ಹಂತದಿಂದ ಗಸ್ತಿನ ಗಡಿ ದಾಟಿ ಆಚೆಯ ಇಳಿಜಾರಿಗೆ ಹೋಗಬೇಕು. ಯಾರೂ ತುಳಿಯದ ಹಿಮ ಅಲ್ಲಿ. ತಂಗ್‌ಮಾರ್ಗ್ ಕಡೆಯ ನಮ್ಮ ಗೈಡ್ ಮುಖ ನೋಡದೆ "ಆಜ್ ನಹೀ" ಅಂದ. ಇವನು ಜಾಸ್ತಿ ದುಡ್ಡು ಕೊಡ್ತೀನಿ ಅಂದ. ಆತ ಆಗಲೂ ಇಲ್ಲ ಅಂದ. ಒಂದು ಕ್ಷಣ ಎಲ್ಲರ ಮುಖವೂ ಬಿಗಿಯಾಯ್ತು.

ಆಮೇಲೆ ಆತ ಕೂತು ವಿವರಿಸಿದ. ಒಂದೂವರೆ ದಿನದಲ್ಲಿ ಬಿದ್ದದ್ದು ಎರಡಡಿ. ಅದರ ಕೆಳಗೆ ವಾರಗಟ್ಟಲೆ ಬಿಸಿಲಿಗೆ ಕರಗಿ ರಾತ್ರಿ ಗಟ್ಟಿಯಾದ ಹಳೆ ಪದರ, ಗಾಜಿನ ಹಾಗೆ. ಹೊಸ ಹಿಮ ಅದಕ್ಕೆ ಇನ್ನೂ ಅಂಟಿಲ್ಲ. ಜೊತೆಗೆ ರಾತ್ರಿಯೆಲ್ಲ ಗಾಳಿ. ಗಂಟೆಗೆ 25-30 ಕಿಲೋಮೀಟರ್ ಮೀರಿದ ಗಾಳಿ ಸಡಿಲ ಹಿಮವನ್ನು ಒಂದು ಕಡೆಯಿಂದ ಗುಡಿಸಿ ಬೆಟ್ಟದ ಮರೆಯ ಕಡೆ ಗುಡ್ಡೆ ಹಾಕುತ್ತದೆ. ಆ ಗುಡ್ಡೆ ಮೇಲಿಂದ ನುಣ್ಣಗೆ, ದಪ್ಪಗೆ, ಆಸೆ ಹುಟ್ಟಿಸೋ ಹಾಗೆ ಕಾಣುತ್ತದೆ. ಒಳಗೆ ಅದು ಹಲಗೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಸ್ಕೀಯರ್‌ನ ಭಾರ ಸಾಕು, ಇಡೀ ಹಲಗೆ ಜಾರಲು. ಮೇಲೆ ಬಿಸಿಲು ಬೇರೆ ಬಿತ್ತು ಅಂದರೆ ಕೇಳುವುದೇ ಬೇಡ.

ಮುನ್ಸೂಚನೆಯಲ್ಲಿ 'ಕ್ಲಿಯರ್ ಸ್ಕೈ' ಅನ್ನೋ ಎರಡು ಪದ ಪ್ರವಾಸಿಗೆ ಹೇಳೋದೇ ಬೇರೆ, ಗೈಡ್‌ಗೆ ಹೇಳೋದೇ ಬೇರೆ. ದೊಡ್ಡ ಹಿಮ ಬಿದ್ದ ನಂತರದ ಒಂದೆರಡು ದಿನ ಅತಿ ಚಂದದ ದಿನ, ಅತಿ ಅಪಾಯದ ದಿನವೂ ಹೌದು.

ಆತನ ಫೋನಿನಲ್ಲಿ ಹಿಮಕುಸಿತದ ಬುಲೆಟಿನ್ ಇತ್ತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡಿಜಿಆರ್‌ಇ ಅನ್ನೋ ಪ್ರಯೋಗಾಲಯ ಹಿಮಾಲಯದ ಪ್ರದೇಶಗಳಿಗೆ ಚಳಿಗಾಲದಲ್ಲಿ ಇದನ್ನು ಕೊಡುತ್ತದೆ. ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ಬಣ್ಣಗಳು. ಆ ದಿನ ನಮ್ಮ ಜಿಲ್ಲೆ ಬಾರಾಮುಲ್ಲಾದ ಮೇಲೆ ಕಿತ್ತಳೆ ಬಣ್ಣ. ಇಲ್ಲಿ ನಮ್ಮ ಪತ್ರಿಕೆಗಳ ಬಗ್ಗೆ ಒಂದು ತಕರಾರು: ಹಿಮ ಬಿದ್ದರೂ 'ಹಿಮಪಾತ', ಹಿಮದ ಬೆಟ್ಟವೇ ಜಾರಿದರೂ 'ಹಿಮಪಾತ' ಅಂತ ಬರೀತೀವಿ. ಒಂದು ಸಂಭ್ರಮ, ಇನ್ನೊಂದು ಸಾವು. ಎರಡನೆಯದಕ್ಕೆ 'ಹಿಮಕುಸಿತ' ಅಂತ ಬರೆದರೆ ಏನು ಕಷ್ಟ?

ಇದು ಹೆದರಿಸೋ ಮಾತಲ್ಲ. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಖಿಲನ್‌ಮಾರ್ಗ್‌ನಲ್ಲಿ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನ ತರಬೇತಿಯಲ್ಲಿದ್ದ 15ಕ್ಕೂ ಹೆಚ್ಚು ಸೈನಿಕರು ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಹಿಮದಲ್ಲೇ ಯುದ್ಧ ಕಲಿಸುವ ಶಾಲೆ ಅದು. 2023ರ ಫೆಬ್ರವರಿ 1ರಂದು ಅಫರ್ವತ್ ಇಳಿಜಾರಿನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು. ಆ 22 ಭವಾನಿ ಸ್ಪರ್ಧಿಸಿದ ಅದೇ ಕ್ರೀಡಾಕೂಟದ ವಾರ. ಜನವರಿಯಿಡೀ ಒಣಗಿದ್ದ ಬೆಟ್ಟದ ಮೇಲೆ ಫೆಬ್ರವರಿಯಲ್ಲಿ ಒಮ್ಮೆಗೇ ಬಂದ ಹಿಮ ಅದು.

ಗೆಳೆಯ ಮಧ್ಯಾಹ್ನದವರೆಗೆ ಯಾರ ಜೊತೆಗೂ ಮಾತಾಡಲಿಲ್ಲ. ಎರಡನೇ ಹಂತ ಗಾಳಿಗೆ ಹೇಗೂ ತೆರೆಯಲಿಲ್ಲ. ಕೊಂಗ್‌ಡೂರಿಯಿಂದ ಮರಗಳ ನಡುವಿನ ದಾರಿಯಲ್ಲಿ ಆರೇಳು ಸಲ ಇಳಿದೆವು. ಮೊಣಕಾಲುದ್ದ ಹಿಮ, ಮರಗಳ ನೆರಳು, ಸದ್ದೇ ಇಲ್ಲ. ಸಂಜೆಗೆ ಅವನೇ ಬಂದು ಗೈಡ್‌ಗೆ ಚಹಾ ಕೊಡಿಸಿದ. ಮಾತಿಗೆ ಮಾತು ಬಂದು ಆತ ಹೇಳಿದ್ದು: ಹಿಮ ಬಾರದ ಜನವರಿಯಲ್ಲಿ ಅವರ ಊರಿನ ಸ್ಲೆಡ್ಜ್ ಎಳೆಯುವವರು, ಬೂಟು ಬಾಡಿಗೆ ಕೊಡುವವರು, ಕುದುರೆಯವರು ಎಲ್ಲ ಸಾಲ ಮಾಡಿ ದಿನ ದೂಡಿದ್ದರಂತೆ. ಆ ದಿನ ಜಾಸ್ತಿ ದುಡ್ಡು ಬೇಡ ಅಂದದ್ದು ಅಂಥ ಮನುಷ್ಯ.

ಇನ್ನು ಕೆಲವು ಬಿಡಿ ಮಾತು. ನೀವು ಮೊದಲ ಸಲ ಸ್ಕೀ ಕಲಿಯಲು ಹೊರಟವರಾದರೆ ಪೌಡರ್, 600ರ ಗಾಳಿ ಇವೆಲ್ಲ ನಿಮಗೆ ಅಷ್ಟು ಮುಖ್ಯ ಅಲ್ಲ. ಕೆಳಗಿನ ಬಟ್ಟಲಿನಲ್ಲಿ ತುಳಿದು ಗಟ್ಟಿಯಾದ ಒಂದೂವರೆ ಎರಡಡಿ ಹಿಮ ಇದ್ದರೆ ಸಾಕು. ಹೊಸ ಹಿಮಕ್ಕಿಂತ ಹಿಂದಿನ ಎರಡು ವಾರ ಎಷ್ಟು ಬಿತ್ತು, ಹಗಲಿನ ಗರಿಷ್ಠ ಉಷ್ಣಾಂಶ ಎಷ್ಟಿದೆ ಅನ್ನೋದನ್ನು ನೋಡಿ. ಹಗಲು 8-9 ಡಿಗ್ರಿ, ರಾತ್ರಿ ಮೈನಸ್ ಇರುವ ಮಾರ್ಚ್‌ನಲ್ಲಿ ಬೆಳಗ್ಗೆ ಒಂಬತ್ತಕ್ಕೆ ನೆಲ ಕಬ್ಬಿಣ, ಹನ್ನೊಂದಕ್ಕೆ ಹದ, ಎರಡಕ್ಕೆ ಅಂಬಲಿ. ಕ್ಲಾಸ್ ಹತ್ತೂವರೆಗೆ ಇಟ್ಟುಕೊಳ್ಳಿ. ಗುಲ್ಮಾರ್ಗ್‌ನಲ್ಲೇ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಅಲ್ಲಿಯ ಕೋರ್ಸ್‌ಗಳಿಗೆ ಚಳಿಗಾಲಕ್ಕೆ ಬಹಳ ಮುಂಚೆಯೇ ವಿಚಾರಿಸಿ.

ಭಾರಿ ಹಿಮದ ಮುನ್ಸೂಚನೆ ಇದ್ದರೆ ಒಂದು ದಿನ ಮುಂಚೆಯೇ ಮೇಲೆ ಸೇರಿಕೊಳ್ಳಿ. ಹಿಮ ಬಿದ್ದ ಮೇಲೆ ತಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ನ 13 ಕಿಲೋಮೀಟರ್‌ಗೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿ ಬೇಕು, ಕಾಯಬೇಕು, ಚೌಕಾಸಿ ಮಾಡಬೇಕು. ವಾಪಸ್ ಬರುವ ದಿನಕ್ಕೂ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ, ಅದೇ ಸುಳಿ ಶ್ರೀನಗರದ ವಿಮಾನವನ್ನೂ ನಿಲ್ಲಿಸುತ್ತದೆ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡಲ್ಲ, ಪೋಸ್ಟ್‌ಪೇಯ್ಡ್ ಬೇಕು. ಇಲ್ಲಾಂದ್ರೆ ಇಷ್ಟೆಲ್ಲ ಓದಿ ಕಲಿತ ಮುನ್ಸೂಚನೆಯನ್ನು ಹೋಟೆಲಿನ ವೈಫೈ ಸಿಕ್ಕಾಗ ಮಾತ್ರ ನೋಡಬೇಕಾಗುತ್ತದೆ. ಬುಲೆಟಿನ್‌ನ ಬಣ್ಣ ಗೊತ್ತಾಗದ ದಿನ ಗೈಡ್‌ನ ಕೇಳಿ, ಆತ ಬೇಡ ಅಂದರೆ ಕಹ್ವಾ ಚೆನ್ನಾಗಿರುತ್ತೆ, ಕುಡೀರಿ.